ಸೆಲ್ ಮುಗಿದರೆ ಯಂತ್ರ ಮುಗಿದಂತಲ್ಲ

ಹಳೆಯ ಎಲೆಕ್ಟ್ರಾನಿಕ್ ಉಪಕರಣಗಳ ನೆನಪು ಉಳಿಸುವ ಮತ್ತು ಮರಳಿ ತುಂಬುವ ಕ್ರಮ



ಹನಿ ನೀರಾವರಿಯ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವ ಕಂಟ್ರೋಲರ್ ಪೆಟ್ಟಿಗೆಯನ್ನು ಹಲವು ತೋಟಗಾರಿಕೆ ರೈತರು ಹತ್ತು ಹದಿನೈದು ವರ್ಷಗಳಿಂದ ಬಳಸುತ್ತಿದ್ದಾರೆ. ಹಾಲಿನ ಸಂಘದಲ್ಲಿ, ಪತ್ತಿನ ಸಂಘದಲ್ಲಿ ಹಳೆಯ ಕಂಪ್ಯೂಟರುಗಳಿವೆ. ಮಳೆ ಮತ್ತು ಉಷ್ಣಾಂಶವನ್ನು ತಾನೇ ಬರೆದಿಡುವ ಪೆಟ್ಟಿಗೆಗಳೂ ಕೆಲವು ತೋಟಗಳಲ್ಲಿವೆ. ಇವು ಒಂದು ದಿನ ಇದ್ದಕ್ಕಿದ್ದಂತೆ ಹುಚ್ಚು ಹಿಡಿದವರಂತೆ ವರ್ತಿಸತೊಡಗುತ್ತವೆ. ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಹನ್ನೆರಡಕ್ಕೆ ನಿಲ್ಲುತ್ತದೆ. ಕಂಪ್ಯೂಟರು ಇಂದಿನ ದಿನಾಂಕವನ್ನು 1980ರ ಜನವರಿ 1 ಎಂದು ತೋರಿಸುತ್ತದೆ. ಕಂಟ್ರೋಲರು ನಾವು ಹೇಳಿಕೊಟ್ಟ ಪಾಠವನ್ನೆಲ್ಲ ಮರೆತು ತನಗೆ ತೋಚಿದಂತೆ ನೀರು ಬಿಡುತ್ತದೆ. “ಇದರ ಕಾಲ ಮುಗಿಯಿತು, ಬಿಡಿ ಭಾಗ ಸಿಗುವುದಿಲ್ಲ, ಹೊಸದು ಕೊಳ್ಳಿ” ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಯಂತ್ರ ಗುಜರಿಗೆ ಹೋಗುತ್ತದೆ.

ಆದರೆ ಇಂತಹ ಅನೇಕ ಸಂದರ್ಭಗಳಲ್ಲಿ ಕೆಟ್ಟಿರುವುದು ಯಂತ್ರವಲ್ಲ. ಅದರೊಳಗೆ ಕುಳಿತು ನೆನಪನ್ನು ಕಾಯುತ್ತಿದ್ದ ಒಂದು ಸಣ್ಣ ಸೆಲ್ ಬರಿದಾಗಿರುತ್ತದೆ, ಅಷ್ಟೆ. ಕೆಲವೇ ಹತ್ತು ರೂಪಾಯಿಗಳ ಆ ಸೆಲ್ಲಿಗಾಗಿ ಸಾವಿರಾರು ರೂಪಾಯಿಯ ಉಪಕರಣವನ್ನು ಎಸೆಯುವುದು ನಷ್ಟದ ಬಾಬತ್ತು. ಇದನ್ನು ತಪ್ಪಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬೆಳೆಗೆ ಆಗುವ ಹಾನಿ

ಮೊದಲು ಇದು ಬೇಸಾಯಕ್ಕೆ ಹೇಗೆ ಸಂಬಂಧಿಸಿದೆ ಎಂಬುದನ್ನು ನೋಡೋಣ. ಹಳೆಯ ಮಾದರಿಯ ಹಲವು ನೀರಾವರಿ ಕಂಟ್ರೋಲರುಗಳಲ್ಲಿ ಕರೆಂಟು ಹೋದಾಗ ನೆನಪನ್ನು ಉಳಿಸಲು 9 ವೋಲ್ಟಿನ ಚಿಕ್ಕ ಬ್ಯಾಟರಿ ಇರುತ್ತದೆ. ಆ ಬ್ಯಾಟರಿ ಬರಿದಾಗಿರುವಾಗ ಕರೆಂಟು ಹೋದರೆ ನೀವು ಹಾಕಿದ್ದ ಕಾರ್ಯಕ್ರಮ ಅಳಿಸಿಹೋಗುತ್ತದೆ. ಕರೆಂಟು ಮರಳಿದಾಗ ಯಂತ್ರವು ಕಾರ್ಖಾನೆಯವರು ತುಂಬಿದ ಮೂಲ ಪಾಠಕ್ಕೆ ಹಿಂತಿರುಗುತ್ತದೆ. ಅನೇಕ ಮಾದರಿಗಳಲ್ಲಿ ಈ ಮೂಲ ಪಾಠವೆಂದರೆ ಪ್ರತಿ ವಾಲ್ವಿಗೂ ದಿನಕ್ಕೆ 10 ನಿಮಿಷ ನೀರು.

ಒಂದು ಲೆಕ್ಕ ಮಾಡಿ ನೋಡಿ. ಬೇಸಿಗೆಯಲ್ಲಿ ಗೊನೆ ಹಾಕಿದ ಬಾಳೆಗೆ ಗಿಡವೊಂದಕ್ಕೆ ದಿನಕ್ಕೆ 16 ಲೀಟರ್ ನೀರು ಕೊಡಬೇಕೆಂದು ನೀವು ನಿರ್ಧರಿಸಿದ್ದೀರಿ ಎನ್ನಿ. ಗಿಡದ ಬುಡದಲ್ಲಿ ಗಂಟೆಗೆ 4 ಲೀಟರ್ ಬಿಡುವ ಎರಡು ಡ್ರಿಪ್ಪರುಗಳಿದ್ದರೆ ಗಂಟೆಗೆ 8 ಲೀಟರಿನಂತೆ 2 ಗಂಟೆ ನೀರು ಹರಿಯಬೇಕು. ನೆನಪು ಕಳೆದುಕೊಂಡ ಕಂಟ್ರೋಲರು 10 ನಿಮಿಷ ಮಾತ್ರ ಬಿಟ್ಟರೆ ಗಿಡಕ್ಕೆ ಸಿಗುವುದು ಸುಮಾರು 1.3 ಲೀಟರ್. ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಬುಡದ ಮಣ್ಣು ಮೇಲೆ ಒದ್ದೆಯಾಗಿಯೇ ಕಾಣುವುದರಿಂದ ತಪ್ಪು ಕೂಡಲೇ ಗೊತ್ತಾಗುವುದಿಲ್ಲ. ಎಲೆ ಬಾಡಿ ಕಾಯಿ ಸೊರಗುವ ಹೊತ್ತಿಗೆ ವಾರ ಕಳೆದಿರುತ್ತದೆ.

ಇದಕ್ಕೆ ವಿರುದ್ಧವಾದುದೂ ನಡೆಯಬಹುದು. ಸಸಿಮಡಿಗೆ ಎರಡು ದಿನಕ್ಕೊಮ್ಮೆ ನೀರು ಎಂದು ಗೊತ್ತುಮಾಡಿದ್ದರೆ, ಮೂಲ ಪಾಠಕ್ಕೆ ಹೋದ ಯಂತ್ರ ದಿನವೂ ಬಿಡುತ್ತದೆ. ತೇವ ಹೆಚ್ಚಾಗಿ ಸಸಿಗಳು ಬುಡ ಕೊಳೆತು ಬೀಳುತ್ತವೆ.

ಸ್ವಲ್ಪ ಹೊಸ ಮಾದರಿಗಳಲ್ಲಿ ಕಾರ್ಯಕ್ರಮ ಉಳಿಯುತ್ತದೆ, ಗಡಿಯಾರ ಮಾತ್ರ ತಪ್ಪುತ್ತದೆ. ಇದನ್ನೂ ಹಗುರವಾಗಿ ಕಾಣಬಾರದು. ತ್ರೀಫೇಸ್ ವಿದ್ಯುತ್ತು ದಿನದ ಕೆಲವೇ ತಾಸು ಬರುವ ಕಡೆ, ರಾತ್ರಿ ಕರೆಂಟಿಗೆಂದು ಗೊತ್ತುಮಾಡಿದ ವಾಲ್ವ್ ಗಡಿಯಾರ ತಪ್ಪಿದ್ದರಿಂದ ಹಗಲು ತೆರೆಯುತ್ತದೆ. ಆಗ ಪಂಪು ಓಡುತ್ತಿರುವುದಿಲ್ಲ. ರಾತ್ರಿ ಸ್ಟಾರ್ಟರ್ ತಾನಾಗಿ ಹತ್ತಿ ಪಂಪು ಓಡಿದರೆ ವಾಲ್ವುಗಳೆಲ್ಲ ಮುಚ್ಚಿರುತ್ತವೆ. ಮುಚ್ಚಿದ ವಾಲ್ವಿಗೆ ಎದುರಾಗಿ ಪಂಪು ನೂಕುವುದರಿಂದ ಪಂಪು ಬಿಸಿಯಾಗುವ, ಪೈಪಿನ ಜೋಡಣೆ ಬಿಚ್ಚಿಕೊಳ್ಳುವ ಅಪಾಯವಿದೆ. ಗಡಿಯಾರ ತಪ್ಪಿದ ಕಂಟ್ರೋಲರಿಗಿಂತ ಕೈಯಿಂದ ತಿರುಗಿಸುವ ವಾಲ್ವೇ ಮೇಲು.

ಯಂತ್ರದ ನೆನಪು ಎಂದರೇನು?

ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ನೆನಪು ಎರಡು ಬಗೆ. ಒಂದು ಕಲ್ಲಿನ ಶಾಸನದಂತೆ. ಕಾರ್ಖಾನೆಯಲ್ಲಿ ಒಮ್ಮೆ ಬರೆದರೆ ಕರೆಂಟು ಇರಲಿ, ಇಲ್ಲದಿರಲಿ ಅಳಿಯುವುದಿಲ್ಲ. ಯಂತ್ರ ಹೇಗೆ ಕೆಲಸ ಮಾಡಬೇಕೆಂಬ ಮೂಲ ಸೂಚನೆಗಳು ಇದರಲ್ಲಿರುತ್ತವೆ. ಇನ್ನೊಂದು ಬೊಗಸೆಯಲ್ಲಿ ಹಿಡಿದ ನೀರಿನಂತೆ. ಬೊಗಸೆ ಬಿಗಿಯಾಗಿರುವ ತನಕ ನೀರು ಇರುತ್ತದೆ, ಬೊಗಸೆ ಬಿಟ್ಟ ಕೂಡಲೇ ಹರಿದುಹೋಗುತ್ತದೆ. ನಾವು ಬದಲಾಯಿಸುವ ಗಡಿಯಾರ, ದಿನಾಂಕ, ವಾಲ್ವಿನ ಹೊತ್ತು, ದಾಖಲಾದ ಅಂಕಿ ಅಂಶ, ಇವು ಹಳೆಯ ಯಂತ್ರಗಳಲ್ಲಿ ಈ ಎರಡನೆಯ ಬಗೆಯ ನೆನಪಿನಲ್ಲಿರುತ್ತವೆ. ಕರೆಂಟು ಇಲ್ಲದಾಗ ಬೊಗಸೆಯನ್ನು ಬಿಗಿಯಾಗಿ ಹಿಡಿಯುವುದೇ ಸೆಲ್ಲಿನ ಕೆಲಸ.

ಈ ಪದ್ಧತಿ ವ್ಯಾಪಕವಾಗಲು ಕಾರಣವಿದೆ. 1970ರ ದಶಕದಲ್ಲಿ ಸಿಮಾಸ್ ಎಂಬ ಬಗೆಯ ಚಿಪ್ಪುಗಳು ಬಳಕೆಗೆ ಬಂದವು. ಸುಮ್ಮನೆ ನೆನಪು ಹಿಡಿದಿರಲು ಇವುಗಳಿಗೆ ಬೇಕಾದ ವಿದ್ಯುತ್ತು ಅತ್ಯಲ್ಪ, ಆಂಪಿಯರಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಇದಕ್ಕೆ ಮೈಕ್ರೋ ಆಂಪಿಯರ್ ಎನ್ನುತ್ತಾರೆ. ಇಷ್ಟು ಕಡಿಮೆ ಖರ್ಚಿನ ಚಿಪ್ಪಿಗೆ ನಾಣ್ಯದಷ್ಟು ಗಾತ್ರದ ಸೆಲ್ಲೇ ವರ್ಷಗಟ್ಟಲೆ ಸಾಕು. 1984ರಲ್ಲಿ ಬಂದ ಐಬಿಎಂ ಪಿಸಿ-ಎಟಿ ಕಂಪ್ಯೂಟರಿನಲ್ಲಿ ಮೊಟರೋಲಾ ಕಂಪನಿಯ ಇಂತಹ ಗಡಿಯಾರದ ಚಿಪ್ಪು ಇತ್ತು. ಅದರ ನೆನಪು ಒಟ್ಟು 64 ಅಕ್ಷರಗಳಷ್ಟು ಮಾತ್ರ. ಅದರಲ್ಲಿ 14 ಗಡಿಯಾರಕ್ಕೆ, ಉಳಿದ 50 ಯಂತ್ರದ ವಿವರಗಳಿಗೆ. ಆ 64 ಅಕ್ಷರ ಕಳೆದುಹೋದರೆ ಅಷ್ಟು ದೊಡ್ಡ ಯಂತ್ರ ತನ್ನೊಳಗೆ ಯಾವ ಡಿಸ್ಕ್ ಇದೆ ಎಂಬುದನ್ನೇ ಮರೆತು ನಿಂತುಬಿಡುತ್ತಿತ್ತು.

ಇತ್ತೀಚಿನ ಯಂತ್ರಗಳಲ್ಲಿ ಕರೆಂಟಿಲ್ಲದೆಯೂ ಉಳಿಯುವ, ಆದರೆ ಬೇಕೆಂದಾಗ ತಿದ್ದಬಹುದಾದ ಚಿಪ್ಪುಗಳನ್ನು ಹಾಕುತ್ತಾರೆ. ಆದ್ದರಿಂದ ಇಲ್ಲಿ ಹೇಳುವ ತೊಂದರೆ ಹೆಚ್ಚಾಗಿ ಹಳೆಯ ಯಂತ್ರಗಳದ್ದು.

ಸೆಲ್ಲಿನ ಆಯುಸ್ಸು

ಹೆಚ್ಚು ಬಳಕೆಯಲ್ಲಿರುವ ನಾಣ್ಯದಾಕಾರದ ಸೆಲ್ಲಿನ ಹೆಸರು ಸಿಆರ್ 2032. ಅಡ್ಡಳತೆ 20 ಮಿ.ಮೀ., ದಪ್ಪ 3.2 ಮಿ.ಮೀ. ಎಂಬುದನ್ನೇ ಆ ಅಂಕಿ ಸೂಚಿಸುತ್ತದೆ. ಇದರ ಒತ್ತಡ 3 ವೋಲ್ಟ್, ಸಾಮರ್ಥ್ಯ ಸುಮಾರು 220 ಮಿಲಿ ಆಂಪಿಯರ್ ಗಂಟೆ.

ಚಿಪ್ಪು 3 ಮೈಕ್ರೋ ಆಂಪಿಯರ್ ಎಳೆಯುತ್ತಿದ್ದರೆ, ಯಂತ್ರಕ್ಕೆ ಕರೆಂಟೇ ಕೊಡದಿದ್ದರೂ ಈ ಸೆಲ್ ಸುಮಾರು 73,000 ಗಂಟೆ, ಅಂದರೆ 8 ವರ್ಷಕ್ಕೂ ಹೆಚ್ಚು ಕಾಲ ಬರಬೇಕು. ಹಳೆಯ ಚಿಪ್ಪೊಂದು 10 ಮೈಕ್ರೋ ಆಂಪಿಯರ್ ಎಳೆಯುತ್ತಿದ್ದರೆ 22,000 ಗಂಟೆ, ಅಂದರೆ ಎರಡೂವರೆ ವರ್ಷ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬಹುಪಾಲು ಯಂತ್ರಗಳಲ್ಲಿ ಕರೆಂಟು ಇರುವಾಗ ಸೆಲ್ ಖರ್ಚಾಗುವುದಿಲ್ಲ. ಇಲ್ಲದಿರುವಾಗ ಮಾತ್ರ ಖರ್ಚಾಗುತ್ತದೆ. ಪಟ್ಟಣದ ಕಚೇರಿಯಲ್ಲಿ ದಿನಕ್ಕೆ ಎರಡು ತಾಸು ಕರೆಂಟು ಹೋಗುವ ಯಂತ್ರದಲ್ಲಿ ಸೆಲ್ ತನ್ನ ಪೂರ್ಣ ಆಯುಸ್ಸು ಬದುಕುತ್ತದೆ. ದಿನಕ್ಕೆ 16 ತಾಸು ಕರೆಂಟಿಲ್ಲದ ಪಂಪ್‌ಮನೆಯಲ್ಲಿ, ಮೇಲೆ ಹೇಳಿದ ಹಳೆಯ ಚಿಪ್ಪಿಗೆ ಅದೇ ಸೆಲ್ ಸುಮಾರು ಮೂರೂಮುಕ್ಕಾಲು ವರ್ಷ ಮಾತ್ರ ಬರುತ್ತದೆ. ಜೊತೆಗೆ ತಗಡಿನ ಛಾವಣಿಯ ಕೆಳಗೆ ಬೇಸಿಗೆಯ ಕಾವು ಏರಿದಾಗ ಸೆಲ್ ತನ್ನಷ್ಟಕ್ಕೇ ಬೇಗ ಸೊರಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ “ಹತ್ತು ವರ್ಷ ಬಾಳಿಕೆ” ಎಂದು ಬರೆದಿದ್ದರೂ ಹಳ್ಳಿಯ ಪಂಪ್‌ಮನೆಗೆ ಆ ಲೆಕ್ಕ ಹೊಂದುವುದಿಲ್ಲ. ನಾಣ್ಯದ ಸೆಲ್ಲನ್ನು ಮೂರು ವರ್ಷಕ್ಕೊಮ್ಮೆ, 9 ವೋಲ್ಟಿನ ಬ್ಯಾಟರಿಯನ್ನು ಪ್ರತಿ ವರ್ಷ ಮುಂಗಾರಿಗೆ ಮೊದಲು ಬದಲಾಯಿಸುವುದು ಸೂಕ್ತ.

ಏನು ಕಳೆದುಹೋಗುತ್ತದೆ?

ಯಂತ್ರವನ್ನು ಬಿಚ್ಚುವ ಮೊದಲು ಸೆಲ್ ಯಾವ ನೆನಪನ್ನು ಕಾಯುತ್ತಿದೆ ಎಂಬುದನ್ನು ತಿಳಿಯಬೇಕು. ಮುಂದಿನ ಕೆಲಸವೆಲ್ಲ ಇದನ್ನೇ ಅವಲಂಬಿಸಿದೆ. ಇದರಲ್ಲಿ ಮೂರು ವಿಧಗಳಿವೆ.

1. ನಾವೇ ಹಾಕಿದ ಹೊಂದಾಣಿಕೆ: ಗಡಿಯಾರ, ದಿನಾಂಕ, ವಾಲ್ವಿನ ಹೊತ್ತು, ಕಂಪ್ಯೂಟರಿನ ಡಿಸ್ಕಿನ ವಿವರ ಇತ್ಯಾದಿ. ಕಳೆದುಹೋದರೆ ಮರಳಿ ತುಂಬಬಹುದು. ಚೀಟಿಯಲ್ಲಿ ಬರೆದಿಟ್ಟಿದ್ದರೆ ಹತ್ತು ನಿಮಿಷದ ಕೆಲಸ.

2. ದಿನದಿನ ಕೂಡಿಟ್ಟ ದಾಖಲೆ: ಮಳೆ, ಉಷ್ಣಾಂಶ, ನೀರಿನ ಅಳತೆ ಮುಂತಾದವು. ಕಳೆದುಹೋದರೆ ಮರಳಿ ಬರುವುದಿಲ್ಲ. ಹೋದ ವರ್ಷದ ಮಳೆಯನ್ನು ಈ ವರ್ಷ ಅಳೆಯಲಾಗದು.

3. ಕಾರ್ಖಾನೆಯಲ್ಲಿ ತುಂಬಿದ ತಿದ್ದುಪಡಿಯ ಅಂಕಿಗಳು: ಅಳತೆ ಮಾಡುವ ಉಪಕರಣಗಳಲ್ಲಿ, ಆ ಒಂದು ಯಂತ್ರದ ಸಂವೇದಕಕ್ಕೆ ಮಾತ್ರ ಹೊಂದುವ ಅಂಕಿಗಳಿರುತ್ತವೆ. ಇವು ಹೋದರೆ ಯಂತ್ರ ನಡೆದರೂ ತೋರಿಸುವ ಅಳತೆ ಸುಳ್ಳಾಗುತ್ತದೆ. ಮತ್ತೆ ಪ್ರಮಾಣೀಕರಿಸಲು ಪರಿಣತರೇ ಬೇಕು.

ಈ ಮೂರನೆಯ ವಿಧದ ನಷ್ಟ ಎಷ್ಟು ಕಠಿಣವಾಗಬಹುದು ಎಂಬುದಕ್ಕೆ ಬೇಸಾಯದ ಹೊರಗಿನ ಒಂದು ನಿದರ್ಶನವಿದೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಿಂದ ಆಟದ ಅಂಗಡಿಗಳಿಗೆ ಮಾರಿದ ಸಿಪಿಎಸ್-2 ಎಂಬ ವಿಡಿಯೋ ಆಟದ ಯಂತ್ರಗಳಲ್ಲಿ, ನಕಲು ತಡೆಯುವ ಸಲುವಾಗಿ ಆಟವನ್ನು ಗೂಢಲಿಪಿಯಲ್ಲಿ ಬರೆದಿದ್ದರು. ಅದನ್ನು ಬಿಡಿಸುವ ಕೀಲಿ ಸಂಖ್ಯೆ ಸೆಲ್ ಕಾಯುವ ನೆನಪಿನಲ್ಲಿ ಮಾತ್ರ ಇತ್ತು. ಸೆಲ್ ಬರಿದಾದಂತೆ ಯಂತ್ರಗಳು ಒಂದೊಂದಾಗಿ ನಿಂತವು. ಹೊಸ ಸೆಲ್ ಹಾಕಿದರೂ ಓಡಲಿಲ್ಲ. ಹಳೆಯ ಯಂತ್ರಗಳ ಹವ್ಯಾಸಿಗಳು 2007ರಲ್ಲಿ ಆ ಗೂಢಲಿಪಿಯ ಕ್ರಮವನ್ನು ಬಿಡಿಸಿದರು. 2016ರಲ್ಲಿ ಕೀಲಿ ಸಂಖ್ಯೆಯನ್ನು ಅದೇ ಯಂತ್ರಕ್ಕೆ ಮರಳಿ ತುಂಬುವ ಉಪಾಯವನ್ನೂ ಕಂಡುಹಿಡಿದರು. ಬಳಸುವವರ ಕೈಯಲ್ಲಿ ಆ ಸಂಖ್ಯೆಯ ದಾಖಲೆ ಇಲ್ಲದ ಕಾರಣ ಇಷ್ಟು ವರ್ಷಗಳ ಶ್ರಮ ಬೇಕಾಯಿತು. ಬಿತ್ತನೆ ಬೀಜವನ್ನು ಎತ್ತಿಡದೆ ಕಣಜ ಬರಿದು ಮಾಡಿದರೆ ಆಗುವ ಪಾಡೇ ಇದು.

ಆದ್ದರಿಂದ ಒಂದೇ ನಿಯಮವನ್ನು ನೆನಪಿಡಿ: ಮೊದಲು ಬರೆದುಕೊಳ್ಳಿ, ಆಮೇಲೆ ಬಿಚ್ಚಿ.

ಸೆಲ್ ಸೊರಗುತ್ತಿರುವ ಲಕ್ಷಣಗಳು

ಬೆಳೆಯ ರೋಗದಂತೆ ಇದಕ್ಕೂ ಮುನ್ಸೂಚನೆಗಳಿವೆ.

ಅ) ಕರೆಂಟು ಹೋಗಿ ಬಂದ ಮೇಲೆ ಗಡಿಯಾರ ಕೆಲವು ನಿಮಿಷ ಹಿಂದೆ ಬೀಳುವುದು.

ಆ) ರಾತ್ರಿಯಿಡೀ ಆರಿಸಿಟ್ಟ ಕಂಪ್ಯೂಟರು ಬೆಳಿಗ್ಗೆ ದಿನಾಂಕ ಕೇಳುವುದು, ಹಗಲು ಆರಿಸಿ ಹಚ್ಚಿದಾಗ ಸರಿಯಾಗಿರುವುದು.

ಇ) ಪರದೆಯ ಮೇಲೆ “ಬ್ಯಾಟರಿ” ಅಥವಾ “ಸಿಮಾಸ್ ಚೆಕ್‌ಸಮ್” ಎಂಬ ದೋಷದ ಮಾತು ಬರುವುದು. ಐಬಿಎಂ ಎಟಿ ಮಾದರಿಯ ಹಳೆಯ ಯಂತ್ರಗಳು 161, 163 ಎಂಬ ಸಂಖ್ಯೆಗಳನ್ನು ತೋರಿಸುತ್ತವೆ. ಮೊದಲನೆಯದು ಬ್ಯಾಟರಿ ಬರಿದಾದುದನ್ನು, ಎರಡನೆಯದು ಹೊತ್ತು ದಿನಾಂಕ ತಪ್ಪಿರುವುದನ್ನು ಸೂಚಿಸುತ್ತದೆ.

ಈ) ಕಂಟ್ರೋಲರಿನಲ್ಲಿ ಬ್ಯಾಟರಿಯ ಗುರುತು ಮಿನುಗುವುದು.

ರೇಡಿಯೋ ರಿಪೇರಿ ಅಂಗಡಿಯಲ್ಲಿರುವ ಮಲ್ಟಿಮೀಟರಿನಿಂದ ಸೆಲ್ಲಿನ ಒತ್ತಡ ಅಳೆಯಿಸಬಹುದು. ಹೊಸ ನಾಣ್ಯದ ಸೆಲ್ 3 ವೋಲ್ಟಿಗಿಂತ ತುಸು ಹೆಚ್ಚು ತೋರಿಸುತ್ತದೆ. 2.7 ವೋಲ್ಟಿಗಿಂತ ಕೆಳಗಿಳಿದಿದ್ದರೆ ಬದಲಾಯಿಸುವುದು ಒಳ್ಳೆಯದು. 9 ವೋಲ್ಟಿನ ಬ್ಯಾಟರಿ 7.5ಕ್ಕಿಂತ ಕೆಳಗಿಳಿದಿದ್ದರೆ ಅದನ್ನು ನಂಬಬಾರದು.

ನೆನಪು ಇನ್ನೂ ಇರುವಾಗ ಸೆಲ್ ಬದಲಾಯಿಸುವ ಕ್ರಮ

1. ಯಂತ್ರದಲ್ಲಿರುವ ಎಲ್ಲ ಹೊಂದಾಣಿಕೆಗಳನ್ನು ಒಂದೊಂದಾಗಿ ಪರದೆಗೆ ತಂದು ಕಾಗದದ ಮೇಲೆ ಬರೆದುಕೊಳ್ಳಿ. ಕಂಟ್ರೋಲರಿನಲ್ಲಿ ಪ್ರತಿ ವಾಲ್ವಿನ ಸಂಖ್ಯೆ, ಆರಂಭದ ಹೊತ್ತು, ಎಷ್ಟು ನಿಮಿಷ, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಬರೆಯಿರಿ. ಮೊಬೈಲಿನಲ್ಲಿ ಚಿತ್ರ ತೆಗೆದರೂ ಆಗಬಹುದು. ಆದರೆ ಕಾಗದದ ಪ್ರತಿಯೂ ಇರಲಿ.

2. ಅಂಕಿ ಅಂಶ ಕೂಡಿಡುವ ಯಂತ್ರವಾದರೆ ಎಲ್ಲ ದಾಖಲೆಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಇಳಿದಿರುವುದನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳಿ.

3. ಬ್ಯಾಟರಿಗೆ ಹೊರಗಿನಿಂದಲೇ ತೆರೆಯುವ ಪ್ರತ್ಯೇಕ ಗೂಡು ಇದ್ದರೆ, ಕರೆಂಟು ಇರುವಾಗಲೇ ಹಳೆಯದನ್ನು ತೆಗೆದು ಹೊಸದನ್ನು ಹಾಕಿ. ಆಗ ನೆನಪು ಅಳಿಯುವುದಿಲ್ಲ.

4. ಸೆಲ್ ಪೆಟ್ಟಿಗೆಯ ಒಳಗಿದ್ದರೆ ಕರೆಂಟಿನಲ್ಲಿ ಬಿಚ್ಚಲೇಬಾರದು. ಒಳಗೆ 230 ವೋಲ್ಟ್ ಇರುತ್ತದೆ, ಜೀವಕ್ಕೆ ಅಪಾಯ. ತಂತಿಯನ್ನು ಪ್ಲಗ್ಗಿನಿಂದ ಕಿತ್ತು, ಬಲ್ಲ ಮೆಕ್ಯಾನಿಕರಿಂದಲೇ ಮಾಡಿಸಿ. ನೆನಪು ಅಳಿದರೂ ಚಿಂತೆಯಿಲ್ಲ, ನಿಮ್ಮಲ್ಲಿ ಚೀಟಿ ಇದೆ. ಆದರೆ ಮೂರನೆಯ ವಿಧದ, ಅಂದರೆ ತಿದ್ದುಪಡಿಯ ಅಂಕಿಗಳಿರುವ ಅಳತೆಯ ಉಪಕರಣವಾದರೆ ಸೆಲ್ಲಿಗೆ ಕೈಹಾಕುವ ಮೊದಲೇ ಪರಿಣತರಿಗೆ ಒಪ್ಪಿಸಬೇಕು. ಅವರು ಚಿಪ್ಪಿನಲ್ಲಿರುವುದನ್ನು ಓದಿ ತೆಗೆದಿಟ್ಟುಕೊಂಡ ಮೇಲೆಯೇ ಸೆಲ್ ತೆಗೆಯುತ್ತಾರೆ.

5. ಹೊಸ ಸೆಲ್ಲಿನ + ಗುರುತು ಹಳೆಯದು ಇದ್ದ ಕಡೆಗೇ ಇರಬೇಕು. ಸೆಲ್ಲನ್ನು ಒಣ ಬಟ್ಟೆಯಿಂದ ಒರೆಸಿ ಅಂಚಿನಲ್ಲಿ ಹಿಡಿಯಿರಿ.

6. ಹಾಕಿದ ದಿನಾಂಕವನ್ನು ಅಂಟುಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆ ಹಚ್ಚಿ.

ನೆನಪು ಹೋದ ಮೇಲೆ ಮರುಜೀವ

ಸೆಲ್ ಪೂರ್ತಿ ಬರಿದಾಗಿದ್ದರೂ ನಿರಾಶರಾಗಬೇಕಿಲ್ಲ. ಹೊಸ ಸೆಲ್ ಹಾಕಿ, ಯಂತ್ರವನ್ನು ಮೂಲ ಸ್ಥಿತಿಗೆ ತಂದು, ಹೊಂದಾಣಿಕೆಗಳನ್ನು ಮತ್ತೆ ತುಂಬಬೇಕು. ಕಂಟ್ರೋಲರಿನಲ್ಲಿ ಮೊದಲು ಇಂದಿನ ದಿನಾಂಕ ಮತ್ತು ಹೊತ್ತು, ಅನಂತರ ಪ್ರತಿ ವಾಲ್ವಿನ ಹೊತ್ತು ತುಂಬಿ. ಬಳಿಕ ಮುಖ್ಯ ಸ್ವಿಚ್ಚನ್ನು ಐದು ನಿಮಿಷ ಆರಿಸಿ ಮತ್ತೆ ಹಾಕಿ ನೋಡಿ. ಪಾಠ ಉಳಿದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಈ ಪರೀಕ್ಷೆ ಮಾಡದೆ ತೋಟ ಬಿಟ್ಟು ಬರಬೇಡಿ.

ಸಂಘದ ಹಳೆಯ ಕಂಪ್ಯೂಟರಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸದಸ್ಯರ ಲೆಕ್ಕ, ಹಾಲಿನ ಬಟವಾಡೆ, ಸಾಲದ ಖಾತೆ, ಇವು ಇರುವುದು ಡಿಸ್ಕಿನಲ್ಲಿ. ಸೆಲ್ ಕಾಯುವ ನೆನಪಿನಲ್ಲಲ್ಲ. ಸೆಲ್ ಸತ್ತು ಕಂಪ್ಯೂಟರು “ಡಿಸ್ಕ್ ಕಾಣುತ್ತಿಲ್ಲ” ಎಂದರೂ ಲೆಕ್ಕ ಅಲ್ಲಿಯೇ ಭದ್ರವಾಗಿರಬಹುದು. ಯಂತ್ರ ತನ್ನ ಡಿಸ್ಕಿನ ಗುರುತನ್ನು ಮರೆತಿರುತ್ತದೆ, ಅಷ್ಟೆ. 1990ರ ದಶಕದ ಮಧ್ಯದ ನಂತರದ ಕಂಪ್ಯೂಟರುಗಳು ಸಾಮಾನ್ಯವಾಗಿ ಡಿಸ್ಕನ್ನು ತಾವೇ ಗುರುತಿಸುತ್ತವೆ. ಅದಕ್ಕೂ ಹಳೆಯವುಗಳಲ್ಲಿ ಡಿಸ್ಕಿನ ಮೂರು ಅಂಕಿಗಳನ್ನು ಕೈಯಿಂದ ತುಂಬಬೇಕು. ಉದಾಹರಣೆಗೆ, ಸೀಗೇಟ್ ಕಂಪನಿಯ ಎಸ್‌ಟಿ-251 ಎಂಬ ಡಿಸ್ಕಿಗೆ 820 ಸಿಲಿಂಡರ್, 6 ಹೆಡ್, 17 ಸೆಕ್ಟರ್. ಒಂದು ಸೆಕ್ಟರಿನಲ್ಲಿ 512 ಅಕ್ಷರ. ಇವನ್ನು ಗುಣಿಸಿದರೆ ಸುಮಾರು 4 ಕೋಟಿ 28 ಲಕ್ಷ ಅಕ್ಷರಗಳ ಜಾಗ. ಮೂರು ಅಂಕಿ ಸರಿಯಾಗಿ ತುಂಬಿದರೆ ಅಷ್ಟೂ ಲೆಕ್ಕ ಮತ್ತೆ ಕಾಣಿಸುತ್ತದೆ. ತಿಳಿಯದವರು “ಫಾರ್ಮ್ಯಾಟ್” ಮಾಡಿದರೆ ಮಾತ್ರ ನಿಜವಾದ ನಷ್ಟ. ಆದ್ದರಿಂದ ಸೆಲ್ ಬದಲಾಯಿಸಿ ನೋಡುವ ಮೊದಲು ಡಿಸ್ಕನ್ನು ಅಳಿಸಲು ಯಾರಿಗೂ ಒಪ್ಪಿಗೆ ಕೊಡಬೇಡಿ.

ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಮಂಜೂರಾತಿ ಕೊಟ್ಟಿತು. ಹೊಸ ಯಂತ್ರ ಬಂದ ಕಡೆ ಹಳೆಯದು ಮೂಲೆ ಸೇರುವುದು ಸಹಜ. ಅದನ್ನು ಹೊರಹಾಕುವ ಮೊದಲು ಹಳೆಯ ವರ್ಷಗಳ ಖಾತೆಗಳೆಲ್ಲ ಪ್ರತಿಯಾಗಿವೆಯೇ ಎಂದು ಸದಸ್ಯರು ಮಹಾಸಭೆಯಲ್ಲಿ ಕೇಳುವುದು ಒಳಿತು.

ಗಡಿಯಾರದ ಚಿಪ್ಪಿನೊಳಗೇ ಸೆಲ್ಲನ್ನು ಹುದುಗಿಸಿ ರಾಳದಿಂದ ಮುಚ್ಚಿದ ಕಂಪ್ಯೂಟರುಗಳೂ ಇವೆ. ಡಲ್ಲಾಸ್ ಸೆಮಿಕಂಡಕ್ಟರ್ ಕಂಪನಿಯ ಡಿಎಸ್ 1287 ಇಂತಹುದು. ಇದರಲ್ಲಿ ಸೆಲ್ಲನ್ನು ತೆಗೆದು ಹಾಕಲು ಬರುವುದಿಲ್ಲ. ಒಳ್ಳೆಯ ಮೆಕ್ಯಾನಿಕರು ಎರಡು ರೀತಿ ಸರಿಪಡಿಸುತ್ತಾರೆ. ಒಂದು, ಅದೇ ಮನೆತನದ ಹೊಸ ಚಿಪ್ಪು ಹಾಕುವುದು. ಇನ್ನೊಂದು, ರಾಳವನ್ನು ಬದಿಯಿಂದ ಕೆರೆದು 20ನೆಯ ಕಾಲಿನ ಒಳಗಿನ + ಸಂಪರ್ಕವನ್ನೂ 16ನೆಯ ಕಾಲಿನ − ಸಂಪರ್ಕವನ್ನೂ ಹುಡುಕಿ, ಸತ್ತ ಸೆಲ್ಲಿನ ದಾರಿಯನ್ನು ಕಡಿದು, ಹೊರಗೆ ಹೊಸ ಸೆಲ್ಲಿನ ಹಿಡಿಕೆ ಜೋಡಿಸುವುದು. ಹಳೆಯ ಚಿಪ್ಪು ಕೊಳ್ಳುವುದಾದರೆ ಅದರ ಮೇಲೆ ಮುದ್ರಿಸಿದ ತಯಾರಿಕೆಯ ವರ್ಷ ನೋಡಬೇಕು. ಇಪ್ಪತ್ತು ವರ್ಷ ದಾಸ್ತಾನಿನಲ್ಲಿದ್ದ ಚಿಪ್ಪಿನ ಸೆಲ್ಲೂ ಮುಪ್ಪಾಗಿರುತ್ತದೆ.

ಬ್ಯಾಟರಿ ಸೋರಿದ್ದರೆ

1980ರ ದಶಕದ ಕೊನೆಯಿಂದ 1990ರ ದಶಕದ ಮೊದಲ ಭಾಗದವರೆಗಿನ ಅನೇಕ ಕಂಪ್ಯೂಟರುಗಳಲ್ಲಿ ಪೀಪಾಯಿಯ ಆಕಾರದ, ಮತ್ತೆ ಮತ್ತೆ ಚಾರ್ಜ್ ಆಗುವ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತಿತ್ತು. ಇದು ಮುಪ್ಪಾದಾಗ ಸೋರುತ್ತದೆ. ಒಳಗಿನ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ತೀವ್ರ ಕ್ಷಾರ. ಅದು ತಾಮ್ರದ ಗೆರೆಗಳನ್ನು ತಿಂದು ಹಸಿರು ನೀಲಿ ಕಿಲುಬು ಹಿಡಿಸುತ್ತದೆ. ಉಪಯೋಗಿಸದೆ ಮೂಲೆಯಲ್ಲಿಟ್ಟ ಯಂತ್ರದಲ್ಲೂ ಈ ಹಾನಿ ನಡೆಯುತ್ತಲೇ ಇರುತ್ತದೆ.

ಆಮ್ಲ ಮಣ್ಣಿಗೆ ಸುಣ್ಣ ಕೊಟ್ಟು ಸರಿಪಡಿಸುವುದು ನಿಮಗೆ ಗೊತ್ತಿದೆ. ಇಲ್ಲಿ ಅದಕ್ಕೆ ತಿರುಗುಮುರುಗು. ಕ್ಷಾರಕ್ಕೆ ಸೌಮ್ಯ ಆಮ್ಲ ಬೇಕು. ಕರೆಂಟು ತಪ್ಪಿಸಿ, ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಕಿಲುಬಿನ ಮೇಲೆ ಬಿಳಿ ವಿನೆಗರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಬೇಕು. ನೊರೆ ನಿಂತ ಮೇಲೆ ಬಟ್ಟಿ ಇಳಿಸಿದ ನೀರಿನಿಂದ ತೊಳೆದು ಎರಡು ದಿನ ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಬಾವಿಯ ನೀರಿನಲ್ಲಿ ಲವಣ ಇರುವುದರಿಂದ ಉಪಯೋಗಿಸಬಾರದು. ಕೈಗೆ ರಬ್ಬರ್ ಚೀಲ, ಕಣ್ಣಿಗೆ ಕನ್ನಡಕ ಇರಲಿ. ತಿಂದುಹೋದ ಗೆರೆಗಳಿಗೆ ಮೆಕ್ಯಾನಿಕರು ಸಣ್ಣ ತಂತಿ ಬೆಸೆಯುತ್ತಾರೆ.

ಈ ಜಾಗಕ್ಕೆ ನಾಣ್ಯದ ಲಿಥಿಯಂ ಸೆಲ್ಲನ್ನು ನೇರವಾಗಿ ಹಾಕುವುದು ಅಪಾಯ. ಯಂತ್ರ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ. ಚಾರ್ಜ್ ಮಾಡಬಾರದ ಸೆಲ್ ಬಿಸಿಯಾಗಿ ಒಡೆಯಬಹುದು. ವಿದ್ಯುತ್ತು ಹಿಂದಕ್ಕೆ ಹರಿಯದಂತೆ ಡಯೋಡ್ ಹಾಕಿಯೇ ಜೋಡಿಸಬೇಕು. ನಾಣ್ಯದ ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕುವುದನ್ನೂ ಬಿಡಬೇಕು, ಹಿಡಿಕೆಯಲ್ಲಿ ಕೂರಿಸಬೇಕು.

ಎಚ್ಚರಿಕೆಗಳು

ನಾಣ್ಯದ ಸೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಬರಿದಾದ ಸೆಲ್ಲಿಗೂ ಈ ಶಕ್ತಿ ಇರುತ್ತದೆ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಾಲು, ಧಾನ್ಯ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಆ ಮುದ್ರೆಯನ್ನು ಒಡೆದು ಸೆಲ್ ಬದಲಾಯಿಸಬಾರದು. ಪರವಾನಗಿ ಪಡೆದ ರಿಪೇರಿಯವರಿಂದಲೇ ಮಾಡಿಸಿ, ಮತ್ತೆ ಮುದ್ರೆ ಹಾಕಿಸಿದ ನಂತರವೇ ಬಳಸಬೇಕು.

ಹಳೆಯ ಸೆಲ್, ಬ್ಯಾಟರಿಗಳನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಕ್ಯಾಡ್ಮಿಯಂ ವಿಷದ ಲೋಹ. ಗೊಬ್ಬರದ ಮೂಲಕ ಮಣ್ಣಿಗೆ, ಮಣ್ಣಿನಿಂದ ಸೊಪ್ಪು ತರಕಾರಿಗೆ ಸೇರುತ್ತದೆ. ಇವನ್ನು ಒಲೆಗೂ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಡಬ್ಬಿಯೊಂದರಲ್ಲಿ ಕೂಡಿಟ್ಟು ಪಟ್ಟಣಕ್ಕೆ ಹೋದಾಗ ಸಂಗ್ರಹಿಸುವವರಿಗೆ ಕೊಡಿ.

ಯಾವಾಗ ಕೈಬಿಡಬೇಕು?

ಪ್ರತಿ ಹಳೆಯ ಯಂತ್ರವನ್ನೂ ಉಳಿಸಬೇಕೆಂದು ಹೇಳುತ್ತಿಲ್ಲ. ಸೋರಿದ ಕ್ಷಾರ ಹಲಗೆಯ ಬಹುಭಾಗವನ್ನು ತಿಂದಿದ್ದರೆ, ಅಳತೆಯ ಉಪಕರಣದ ತಿದ್ದುಪಡಿಯ ಅಂಕಿಗಳು ಹೋಗಿ ಮತ್ತೆ ಪ್ರಮಾಣೀಕರಿಸುವ ವೆಚ್ಚ ಹೊಸದರ ಅರ್ಧ ಬೆಲೆಯನ್ನು ಮೀರಿದರೆ, ಹೊಸದು ಕೊಳ್ಳುವುದೇ ಲಾಭ. ಕೊಳ್ಳುವಾಗ ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಕರೆಂಟು ಹೋದರೆ ಕಾರ್ಯಕ್ರಮ ಸೆಲ್ ಇಲ್ಲದೆಯೂ ಉಳಿಯುತ್ತದೆಯೇ? ಗಡಿಯಾರದ ಸೆಲ್ಲನ್ನು ನಾವೇ ಬದಲಾಯಿಸಬಹುದೇ? ಎರಡಕ್ಕೂ ಹೌದು ಎಂಬ ಉತ್ತರ ಬಂದ ಮಾದರಿಯನ್ನು ಆರಿಸಿ.

ಉಳಿದ ಯಂತ್ರಗಳಿಗೆ ಈ ವಾರವೇ ಒಂದು ಕೆಲಸ ಮಾಡಿ. ಅರ್ಧ ಹಾಳೆ ಕಾಗದದಲ್ಲಿ ಯಂತ್ರದ ಮಾದರಿ, ಸೆಲ್ಲಿನ ಹೆಸರು, ಸೆಲ್ ಹಾಕಿದ ದಿನ, ಪ್ರತಿ ವಾಲ್ವಿನ ಹೊತ್ತು, ಇಷ್ಟನ್ನು ಸೀಸದ ಕಡ್ಡಿಯಿಂದ ಬರೆಯಿರಿ. ಶಾಯಿ ತೇವಕ್ಕೆ ಹರಡುತ್ತದೆ, ಸೀಸದ ಬರಹ ನಿಲ್ಲುತ್ತದೆ. ಆ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಂಟ್ರೋಲರಿನ ಬಾಗಿಲ ಒಳಬದಿಗೆ ಅಂಟಿಸಿ, ಇನ್ನೊಂದು ಪ್ರತಿಯನ್ನು ಮನೆಯಲ್ಲಿಡಿ. ಬೆಳೆ ಬದಲಾದಾಗ, ಹೊತ್ತು ತಿದ್ದಿದಾಗ ಹಾಳೆಯನ್ನೂ ತಿದ್ದಿ. ಈ ಹಾಳೆ ಇದ್ದರೆ ನೀವು ಊರಲ್ಲಿಲ್ಲದ ದಿನ ಯಂತ್ರ ಮರೆತರೂ ಮನೆಯವರಾರಾದರೂ ಹತ್ತು ನಿಮಿಷದಲ್ಲಿ ಅದಕ್ಕೆ ಮತ್ತೆ ಪಾಠ ಹೇಳಿಕೊಡಬಹುದು, ಬೆಳೆ ಒಣಗುವುದಿಲ್ಲ.